ಕಾಳಿಗೆ ಕೊಟ್ಟ ನೆಲ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಹಳಗನ್ನಡ ಶಾಸನಗಳನ್ನು ಓದಿದವರಿಗೆ ಈ ಹೆಸರು ಹೊಸದಲ್ಲ. ಸಾವಿರ ವರ್ಷಗಳಿಗೂ ಹಿಂದೆ ಆ ಊರಿನ ಚಲ್ಲೇಶ್ವರ ಗುಡಿಯ ಮುಂದೆ ಒಂದು ಕಲ್ಲನ್ನು ನೆಟ್ಟರು. ನಾಯಿಯೊಂದು ಕಾಡುಹಂದಿಯೊಡನೆ ಹೋರಾಡುತ್ತಿರುವ ಚಿತ್ರ ಆ ಕಲ್ಲಿನ ಮೇಲಿದೆ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಅವನ ಪಕ್ಷದ ಗಂಗರ ಬೂತುಗನೂ ಚೋಳರನ್ನು ಸೋಲಿಸಿದರು. ಚೋಳ ರಾಜಾದಿತ್ಯ ಅಲ್ಲಿಯೇ ಮಡಿದನು. ಆ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನನ್ನು ಒಡೆಯನು ಮೆಚ್ಚಿ, ಬೇಕಾದುದನ್ನು ಕೇಳೆಂದನಂತೆ. ಮಣಲೇರ ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಬೆಳತೂರಿನ ಬೆಟ್ಟದಲ್ಲಿ ಕಾಳಿಯೂ ಒಂದು ದೊಡ್ಡ ಹಂದಿಯೂ ಒಂದನ್ನೊಂದು ಹಿಡಿದು ಎರಡೂ ಸತ್ತವು. ಮಣಲೇರ ತನ್ನ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಕೆರೆಯ ಕೆಳಗೆ ಎರಡು ಖಂಡುಗ ನೆಲವನ್ನು ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣಬಾರದೆಂಬ ಕಟ್ಟಳೆಯನ್ನೂ ಬರೆಸಿದ.

ಈ ಶಾಸನವನ್ನು ನಾನು ಎಷ್ಟೋ ವರ್ಷಗಳಿಂದ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ ಬಂದಿದ್ದೇನೆ. ಒಂದು ಮಳೆಗಾಲದ ಸಂಜೆ ನನ್ನ ಮಗಳು ಚರಂಡಿಯ ಬದಿಯಲ್ಲಿ ನಡುಗುತ್ತಿದ್ದ ಕರಿಯ ಮರಿಯೊಂದನ್ನು ಲಂಗದಲ್ಲಿ ಸುತ್ತಿಕೊಂಡು ಬಂದಾಗ, ಅದಕ್ಕೆ ಹೆಸರು ಹುಡುಕುವ ಕಷ್ಟ ನನಗೆ ಇರಲಿಲ್ಲ. ಕಾಳಿ ಎಂದೆವು. ಆರು ವರ್ಷ ಅದು ನಮ್ಮೊಡನೆ ಬೆಂಗಳೂರಿನ ಬಾಡಿಗೆಯ ಮನೆಯೊಂದರಲ್ಲಿ ಸುಖವಾಗಿಯೇ ಬೆಳೆಯಿತು. ಈಚೆಗೆ ಮನೆಯ ಯಜಮಾನರು, ತಮ್ಮ ಮಗ ಊರಿಗೆ ಮರಳುತ್ತಾನೆಂದೂ ಎರಡು ತಿಂಗಳಲ್ಲಿ ಮನೆ ಬಿಟ್ಟುಕೊಡಬೇಕೆಂದೂ ಹೇಳಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಸಂಬಳಕ್ಕೆ ನಿಲುಕುವ ಇನ್ನೊಂದು ಮನೆಯನ್ನು ಹುಡುಕಲು ನಾನು ಹೊರಟೆ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ‘ಬಾಡಿಗೆಗೆ ಮನೆ ಹುಡುಕಿ ನೋಡು’ ಎಂಬ ಮೂರನೆಯದನ್ನು ಏಕೆ ಸೇರಿಸಲಿಲ್ಲವೋ ತಿಳಿಯದು. ಹೋದ ಕಡೆಯೆಲ್ಲ ಪ್ರಶ್ನೆಗಳು ಒಂದೇ ಕ್ರಮದಲ್ಲಿ ಬರುತ್ತಿದ್ದವು. ಎಷ್ಟು ಜನ? ಏನು ಕೆಲಸ? ಯಾವ ಕಡೆಯವರು? ಮಾಂಸ ತಿನ್ನುವವರೋ? ಇಷ್ಟೆಲ್ಲ ಆಗಿ, ಬೀಗದ ಕೈ ಹೊರಗೆ ಬರುವ ಹೊತ್ತಿಗೆ, “ಮತ್ತೆ ಯಾರೂ ಇಲ್ಲ ತಾನೆ?” ಎಂದು ಕೇಳುವರು. “ಒಂದು ನಾಯಿ ಇದೆ” ಎನ್ನುತ್ತಿದ್ದೆ. ಬೀಗದ ಕೈ ಒಳಗೆ ಹೋಗುತ್ತಿತ್ತು. ಒಬ್ಬರು ಮಾತ್ರ ನನ್ನ ಮೇಲೆ ಕನಿಕರಪಟ್ಟು ಉಪಾಯ ಹೇಳಿದರು: “ಬೀದಿನಾಯಿ ತಾನೆ ಸಾರ್? ಮಾರ್ಕೆಟ್ಟಿನ ಹತ್ತಿರ ಬಿಟ್ಟುಬಿಡಿ. ಹೇಗೋ ಬದುಕಿಕೊಳ್ಳುತ್ತೆ.” ಅವರು ಕೆಟ್ಟವರಲ್ಲ. ಕಾಫಿ ಕೊಟ್ಟೇ ಕಳಿಸಿದರು. ಆದರೆ ಆ ಮಾತು ಬಸ್ಸಿನಲ್ಲಿ ನನ್ನ ಜೊತೆಯಲ್ಲಿಯೇ ಕುಳಿತು ಮನೆಯವರೆಗೂ ಬಂದಿತು. ಆತಕೂರಿನ ಕಲ್ಲನ್ನು ತಂದಿರಿಸಿರುವುದು ಇದೇ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಸತ್ತ ಕಾಳಿಗೆ ನೆರಳು ಕೊಟ್ಟ ಊರು ಬದುಕಿರುವ ಕಾಳಿಗೆ ಬಾಗಿಲು ಹಾಕುವುದನ್ನು ಎಂದಿನಿಂದ ಕಲಿಯಿತು? ಮೇಷ್ಟರ ಚಟ, ಮನೆ ಸಿಗದಿದ್ದರೂ ಮನೆಯ ಚರಿತ್ರೆಯನ್ನಾದರೂ ಹುಡುಕೋಣವೆಂದು ಕುಳಿತೆ.

ಹಳೆಯ ಬೆಂಗಳೂರಿನ ಪೇಟೆಗಳಲ್ಲಿ ಈ ಪ್ರಶ್ನೆಯೇ ಹುಟ್ಟುವಂತಿರಲಿಲ್ಲ. ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆಗಳಲ್ಲಿ ಕಸುಬೂ ಕುಲವೂ ಮನೆಯೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಬಾಡಿಗೆಗೆ ಬರುವವನು ಯಾರದೋ ನಂಟನಾಗಿಯೋ ಯಾರದೋ ಅಂಗಡಿಯ ಆಳಾಗಿಯೋ ಬರುತ್ತಿದ್ದ. ನಾಯಿಯಾದರೋ ಮನೆಯದಲ್ಲ, ಕೇರಿಯದು. ಜಗಲಿಯ ಕೆಳಗೆ ಮಲಗುವುದು, ಉಳಿದ ಅನ್ನವನ್ನು ಯಾರು ಹಾಕಿದರೂ ತಿನ್ನುವುದು, ಗುರುತಿಲ್ಲದವನು ಬಂದರೆ ಬೊಗಳುವುದು, ಇದಿಷ್ಟು ಅದರ ಬದುಕು. ಅದಕ್ಕೆ ಒಡೆಯನಿಲ್ಲದ ಕಾರಣ ಅದನ್ನು ತರಬೇಡವೆಂದು ಯಾರಿಗೂ ಹೇಳುವಂತಿರಲಿಲ್ಲ. ಕತ್ತಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಯ ಆವರಣದೊಳಗೆ ವಾಸಿಸುವ ನಾಯಿಯನ್ನು ನಮ್ಮ ಜನ ಹೆಚ್ಚಾಗಿ ಕಂಡದ್ದು, 1809ರಲ್ಲಿ ದಂಡು ಪ್ರದೇಶ ಏರ್ಪಟ್ಟ ಮೇಲೆ, ಅಲ್ಲಿನ ಬಂಗಲೆಗಳಲ್ಲಿ. ಬಂಗಲೆಗೆ ಕಾಂಪೌಂಡು ಉಂಟು. ಕಾಂಪೌಂಡಿಗೆ ನಾಯಿ ಬೇಕು. ಆ ಎರಡೂ ಮಧ್ಯಮ ವರ್ಗದ ಕನ್ನಡಿಗನ ಮನೆಗೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಕಾಂಪೌಂಡನ್ನು ನಮ್ಮ ಕಡೆಗೆ ತಂದದ್ದು, ವಿಚಿತ್ರವಾಗಿ ಕಾಣಬಹುದು, ಪ್ಲೇಗು. 1898ರ ಆಗಸ್ಟ್ ತಿಂಗಳಿನಲ್ಲಿ ಆ ಮಾರಿ ಬೆಂಗಳೂರಿಗೆ ಕಾಲಿಟ್ಟಿತು. ಗಾಳಿ ಬೆಳಕಿಲ್ಲದೆ ಒತ್ತೊತ್ತಾಗಿ ಕಟ್ಟಿದ ಪೇಟೆಯ ಮನೆಗಳೇ ಅದಕ್ಕೆ ಆಹಾರವಾದುವೆಂಬ ಭಾವನೆ ಬಲವಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿಸಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಆಗ ಜನರನ್ನು ಕೈಬೀಸಿ ಕರೆದವು. ಅಗಲವಾದ ರಸ್ತೆ, ಮನೆಯ ಸುತ್ತ ತೆರಪು, ಹಿಂದೆ ಕಿರುಓಣಿ, ಮುಂದೆ ಗೇಟು. ಪೇಟೆಯಲ್ಲಿ ಮನೆಗೂ ಬೀದಿಗೂ ನಡುವೆ ಒಂದು ಜಗಲಿ ಮಾತ್ರ ಇದ್ದಿತು. ಅದರ ಮೇಲೆ ದಾರಿಹೋಕನೂ ಕೂರಬಹುದಾಗಿತ್ತು. ಬಡಾವಣೆಯಲ್ಲಿ ಜಗಲಿ ಹೋಗಿ ಗೇಟು ಬಂದಿತು. ಒಳಗು ಯಾವುದು, ಹೊರಗು ಯಾವುದು ಎಂಬುದಕ್ಕೆ ಅಂದಿನಿಂದ ಒಂದು ಗೆರೆ ಬಿದ್ದಿತು. ಕೇರಿಯ ನಾಯಿ ಆ ಗೆರೆಯ ಹೊರಗೆ ಉಳಿದು ಬೀದಿಯ ನಾಯಿಯಾಯಿತು.

ಗೇಟಿನೊಳಗೆ ನಿವೇಶನ ಕೊಳ್ಳಲಾರದ ಗುಮಾಸ್ತರು, ಮೇಷ್ಟರು, ಓದಲು ಬಂದ ಹುಡುಗರು ಇವರಿಗೆ ದೊರೆತದ್ದು ವಠಾರ. ನಡುವೆ ಅಂಗಳ, ಸುತ್ತ ಸಾಲುಮನೆ, ಎಲ್ಲರಿಗೂ ಒಂದೇ ನಲ್ಲಿ. ನಮ್ಮ ತಂದೆಯವರು 1970ರ ಸುಮಾರಿನಲ್ಲಿ ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಚಾಮರಾಜಪೇಟೆಯ ಇಂಥದೊಂದು ವಠಾರದಲ್ಲಿ ಸಂಸಾರ ಹೂಡಿದರು. ಅಲ್ಲಿಯ ಕಟ್ಟುಪಾಡುಗಳನ್ನು ಅವರು ಕಥೆಯಂತೆ ಹೇಳುತ್ತಿದ್ದರು: ನೀರು ಇಂತಿಷ್ಟೇ ಕೊಡ, ದೀಪ ಇಂತಿಷ್ಟೇ ಹೊತ್ತು, ನೆಂಟರು ಬಂದರೆ ಮೂರೇ ದಿನ. ಮೂರನೆಯ ಮಗು ಹುಟ್ಟಿತೆಂಬ ಕಾರಣಕ್ಕೆ ಬೇರೆ ಮನೆ ನೋಡಿಕೊಳ್ಳಬೇಕಾದವರೂ ಅಲ್ಲಿದ್ದರು. ಇಷ್ಟು ಕಟ್ಟುನಿಟ್ಟಿನ ವಠಾರದ ಬಾಗಿಲಿನಲ್ಲಿಯೂ ಒಂದು ಕೆಂದನಾಯಿ ಮಲಗಿರುತ್ತಿತ್ತು. ಹತ್ತು ಮನೆಯ ಅನ್ನ ಅದಕ್ಕಿತ್ತು. ಅದು ಯಾರದೆಂದು ಕೇಳಿದರೆ ಯಾರದೂ ಅಲ್ಲ. ಸಾಕುವ ಹೊಣೆ ಹಂಚಿಹೋಗಿದ್ದುದರಿಂದ ಯಜಮಾನರಿಗೆ ಆಕ್ಷೇಪಿಸಲು ಹಿಡಿ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಊರು ಬೆಳೆದುಬಿಟ್ಟಿತ್ತು. 1941ರ ಜನಗಣತಿಯಲ್ಲಿ ನಾಲ್ಕು ಲಕ್ಷದಷ್ಟಿದ್ದ ಬೆಂಗಳೂರು 1951ರ ಹೊತ್ತಿಗೆ ಏಳೂಮುಕ್ಕಾಲು ಲಕ್ಷವನ್ನು ದಾಟಿತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1950ರ ದಶಕದಲ್ಲಿ ಯಂತ್ರೋಪಕರಣಗಳ ಕಾರ್ಖಾನೆ, ಭಾರತ್ ಎಲೆಕ್ಟ್ರಾನಿಕ್ಸ್ ಇವೆಲ್ಲ ಬಂದವು. 1956ರಲ್ಲಿ ಕನ್ನಡ ನಾಡು ಒಂದಾದ ಮೇಲೆ ಧಾರವಾಡ, ಕಲಬುರ್ಗಿ, ಮಂಗಳೂರುಗಳಿಂದಲೂ ನೌಕರರು ಬಂದರು. 1945ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಜಯನಗರದಂತಹ ಬಡಾವಣೆಗಳನ್ನು ರೂಪಿಸಿದರೂ ಮನೆಗಳು ಸಾಲಲಿಲ್ಲ. ಸಾಲದ ವಸ್ತುವಿಗೆ ಬೆಲೆ ಏರುವುದು ಲೋಕರೂಢಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಬೊಂಬಾಯಿಯಲ್ಲಿ ಬಾಡಿಗೆಗೆ ಅಂಕುಶ ಹಾಕುವ ಕಾನೂನು ಬಂದಿತ್ತು. ನಮ್ಮಲ್ಲಿಯೂ ಅಂಥ ನಿಯಂತ್ರಣಗಳು ಬಂದು, ಕೊನೆಗೆ 1961ರ ಬಾಡಿಗೆ ನಿಯಂತ್ರಣ ಕಾಯಿದೆಯಾಗಿ ನೆಲೆ ನಿಂತವು.

ಈ 1961ರ ಕಾಯಿದೆ ಬಲು ಗಟ್ಟಿಗನಾಗಿತ್ತು. ಮನೆ ಖಾಲಿಯಾದರೆ 15 ದಿನಗಳೊಳಗೆ ಯಜಮಾನರು ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕು. ಆ ಅಧಿಕಾರಿ ಅದನ್ನು ಯಾರಿಗೆ ಕೊಡಬೇಕೆಂದು ಆಜ್ಞೆ ಮಾಡಬಹುದು. ಎಂದರೆ, ಬಾಡಿಗೆದಾರನನ್ನು ಆರಿಸುವ ಅಧಿಕಾರವನ್ನೇ ಸರ್ಕಾರ ಯಜಮಾನನ ಕೈಯಿಂದ ತೆಗೆದುಕೊಳ್ಳಬಹುದಾಗಿತ್ತು. ಬಿಡಿಸಬೇಕಾದರೆ ಕಾಯಿದೆಯಲ್ಲಿ ಹೇಳಿದ ಕಾರಣವೊಂದನ್ನು ನ್ಯಾಯಾಲಯದಲ್ಲಿ ಸ್ಥಾಪಿಸಬೇಕು: ಬಾಡಿಗೆಯ ಬಾಕಿ, ಮನೆಗೆ ಹಾನಿ, ಯಜಮಾನನ ಸ್ವಂತ ಅಗತ್ಯ, ಇತ್ಯಾದಿ. ಆ ಕಾರಣಗಳ ಪಟ್ಟಿಯಲ್ಲಿ ನೆರೆಹೊರೆಯವರಿಗೆ ಉಪದ್ರವವಾಗುವ ನಡತೆ ಎಂಬುದೂ ಒಂದು. ನಾಯಿಗೆ ಬಾಡಿಗೆಯ ಕಾನೂನಿನೊಳಗೆ ಬರಲು ಇದ್ದ ಬಾಗಿಲು ಇದೊಂದೇ. ಕುಟುಂಬದ ಅಂಗವಾಗಿ ಅದು ಅಲ್ಲಿ ಬರಲಾರದು, ಉಪದ್ರವವಾಗಿ ಬರಬಹುದು.

ಆದರೆ ಅಂಕುಶ ಬಿಗಿಯಾದಷ್ಟೂ ಆನೆ ಬೇರೆ ದಾರಿ ಹಿಡಿಯಿತು. ಒಮ್ಮೆ ಬಾಡಿಗೆಗೆ ಕೊಟ್ಟರೆ ಮನೆ ಕೈಬಿಟ್ಟಂತೆಯೇ ಎಂಬ ಭಯ ಯಜಮಾನರಲ್ಲಿ ಬೇರೂರಿತು. ಖಾಲಿಯಾದ ಮನೆಯ ಸುದ್ದಿ ಕಚೇರಿಗೆ ಹೋಗುವ ಬದಲು ಬಂಧುಗಳ ಕಿವಿಗೆ ಹೋಯಿತು. ಮುಂಗಡದ ಹಣ ಬೆಳೆಯಿತು. ಬಾಡಿಗೆಯೇ ಇಲ್ಲದೆ ದೊಡ್ಡ ಗಂಟೊಂದನ್ನು ಇರಿಸಿಕೊಂಡು, ಬಿಡುವಾಗ ಹಿಂದಿರುಗಿಸುವ ಭೋಗ್ಯದ ಪದ್ಧತಿಯೂ ನಮ್ಮ ನಗರಗಳಲ್ಲಿ ಬಳಕೆಯಲ್ಲಿತ್ತು. ಕಾನೂನು ಬಾಡಿಗೆದಾರನಿಗೆ ಭದ್ರತೆ ಕೊಟ್ಟಿತು, ನಿಜ. ಆದರೆ ಒಳಗಿದ್ದವನಿಗೆ ಕೊಟ್ಟಿತು. ಹೊರಗೆ ನಿಂತು ಗೇಟು ತಟ್ಟುವವನನ್ನು ಯಜಮಾನರು ಮೊದಲಿಗಿಂತ ಹತ್ತು ಪಟ್ಟು ಹೆಚ್ಚಾಗಿ ತೂಗಿ ನೋಡುವಂತಾಯಿತು. ಇಂದು ನಾವು ಎದುರಿಸುವ ಆ ಪ್ರಶ್ನಾವಳಿಗೆ ಜಾತಿಮತಗಳ ಹಳೆಯ ಬೇರು ಒಂದು. ಈ ಭಯದ ಬೇರು ಇನ್ನೊಂದು.

ಹಳೆಯ ಕಾಯಿದೆಯ ಜಾಗದಲ್ಲಿ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಕೊನೆಯ ದಿನ ಜಾರಿಗೆ ಬಂದಿತು. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಅಂದು ಆ ಮೊತ್ತ ಮಧ್ಯಮ ವರ್ಗದ ಮನೆಯ ಬಾಡಿಗೆ. ಇಂದು ಆ ಮೊತ್ತಕ್ಕೆ ಬೆಂಗಳೂರಿನಲ್ಲಿ ಸಂಸಾರ ಹೂಡುವ ಮನೆ ಸಿಕ್ಕರೆ ಪುಣ್ಯ. ಆ ಮಿತಿಯನ್ನು ದಾಟಿದ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯೂ ಇಬ್ಬರೂ ರುಜು ಹಾಕಿದ ಕರಾರುಪತ್ರವೂ ಆಧಾರವಾದವು. ಒಂದು ವರ್ಷವನ್ನು ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕೆಂದು 1908ರ ನೋಂದಣಿ ಕಾಯಿದೆ ಹೇಳುವುದರಿಂದ, ಕರಾರು 11 ತಿಂಗಳಿಗೆ ಸೀಮಿತವಾಗುವುದು ರೂಢಿ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನಲ್ಲಿ ಬಹುಕಾಲ ನಡೆದು ಬಂದ ಸಂಪ್ರದಾಯ. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೂಡದೆಂದು ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯಿದೆ ಸೂಚಿಸಿತು. ಆದರೆ ಮಾದರಿ ಎಂದರೆ ಮಾದರಿ, ರಾಜ್ಯಗಳು ಒಪ್ಪಿಕೊಂಡರೆ ಮಾತ್ರ ಅದು ಕಾನೂನು. ಹೀಗೆ 1961ರಿಂದ 2021ರವರೆಗೆ ನಮ್ಮ ಕಾನೂನುಗಳು ಬಾಡಿಗೆಯನ್ನು ಅಳೆದವು, ಮುಂಗಡವನ್ನು ಅಳೆದವು, ಅವಧಿಯನ್ನು ಅಳೆದವು. ಮನೆಯೊಳಗೆ ಯಾರು ಯಾರು ಇರಬಹುದೆಂಬ ಮಾತನ್ನು ಮಾತ್ರ ಕರಾರುಪತ್ರಕ್ಕೆ ಬಿಟ್ಟವು.

ಇನ್ನೊಂದು ಕಡೆ ಪ್ರಾಣಿಗಳ ಕಾನೂನು ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ರಾಜ್ಯಸಭೆಯ ಸದಸ್ಯೆಯಾಗಿದ್ದ ರುಕ್ಮಿಣೀದೇವಿ ಅರುಂಡೇಲ್ ಅವರು ಪ್ರಾಣಿಹಿಂಸೆಯ ವಿರುದ್ಧ ಖಾಸಗಿ ಮಸೂದೆಯನ್ನು ಮಂಡಿಸಿದರು. ಸರ್ಕಾರವೇ ಸಮಗ್ರವಾದ ಮಸೂದೆಯನ್ನು ತರುವುದಾಗಿ ನೆಹರೂ ಅವರು ಭರವಸೆ ಕೊಟ್ಟ ಮೇಲೆ ಅದನ್ನು ಹಿಂತೆಗೆದುಕೊಂಡರು. ಫಲವಾಗಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಬಂದಿತು. ಹಸಿವು ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಅದರ ಪ್ರಕಾರ ಅಪರಾಧ. ಮೊದಲ ಸಲದ ಅಪರಾಧಕ್ಕೆ ಆ ಕಾಯಿದೆ ಗೊತ್ತುಮಾಡಿದ ದಂಡ 10 ರೂಪಾಯಿಯಿಂದ 50 ರೂಪಾಯಿ! ಮಾರ್ಕೆಟ್ಟಿನ ಹತ್ತಿರ ಬಿಟ್ಟುಬಿಡಿ ಎಂದ ಮಹನೀಯರ ಮಾತನ್ನು ನಾನು ಕೇಳಿದ್ದರೆ, ಲೆಕ್ಕಕ್ಕೆ 50 ರೂಪಾಯಿಯೊಳಗೆ ನನ್ನ ಕಷ್ಟ ಪರಿಹಾರವಾಗುತ್ತಿತ್ತು. 1976ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿ ಜೀವಿಗಳಲ್ಲಿ ದಯೆಯನ್ನು ಪ್ರಜೆಯ ಮೂಲಭೂತ ಕರ್ತವ್ಯವೆಂದು ಸಾರಿತು. ಆ ಕರ್ತವ್ಯವನ್ನು ಬಾಡಿಗೆಯ ಮನೆಯಲ್ಲಿ ನೆರವೇರಿಸುವ ಬಗೆ ಹೇಗೆಂಬುದನ್ನು ಹೇಳಲಿಲ್ಲ.

ಅಷ್ಟು ಹೊತ್ತಿಗೆ ವಠಾರ ನೆಟ್ಟಗೆ ಎದ್ದು ನಿಂತು ಅಪಾರ್ಟ್‌ಮೆಂಟಾಗತೊಡಗಿತ್ತು. 1972ರಲ್ಲಿ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆ ಬಂದಿತು. ಒಡೆಯರೆಲ್ಲ ಸೇರಿದ ಸಂಘವೂ ಅದರ ಉಪವಿಧಿಗಳೂ ಬಂದವು. ಹಳೆಯ ವಠಾರದಲ್ಲಿ ಒಬ್ಬ ಯಜಮಾನನಿದ್ದ. ಹೊಸದರಲ್ಲಿ ಮೆಟ್ಟಿಲು ಮೆಟ್ಟಿಲಿಗೂ ಯಜಮಾನರು. ನಾಯಿ ಲಿಫ್ಟಿನಲ್ಲಿ ಬರಬಾರದು, ತೋಟದಲ್ಲಿ ತಿರುಗಬಾರದು ಎಂಬ ನಿಯಮಗಳು ಹುಟ್ಟಿದಾಗ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರವರಿಯಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಬಹುಮತವಿದ್ದರೂ ಸಂಘವು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟನ್ನು ನಿರಾಕರಿಸುವಂತಿಲ್ಲ ಎಂದಿತು. ನಾಯಿಯ ಕಕ್ಕಸವನ್ನು ಎತ್ತುವುದು, ಲಸಿಕೆ ಹಾಕಿಸುವುದು ಸಾಕುವವರ ಹೊಣೆ ಎಂದೂ ನೆನಪಿಸಿತು. ಇದು ಸಂಘಕ್ಕೆ ಹೇಳಿದ ಮಾತು. ಸ್ವಂತ ಮನೆಯ ಯಜಮಾನ, ಬಾಡಿಗೆಗೆ ಕೊಡುವಾಗ, ನಾಯಿ ಬೇಡವೆಂದರೆ ಅವನನ್ನು ಹಿಡಿಯುವ ಮಾತಲ್ಲ. ಬಾಡಿಗೆಯ ಕಾನೂನಿಗೆ ನಾಯಿ ಕಾಣದು, ನಾಯಿಯ ಕಾನೂನಿಗೆ ಬಾಡಿಗೆ ಕಾಣದು. ಈ ಎರಡು ಗೋಡೆಗಳ ನಡುವಣ ಸಂದಿಯಲ್ಲಿ ಕಾಳಿ ಮಲಗಿದ್ದಾಳೆ.

ಈ ಸಂದಿಯನ್ನು ಮುಚ್ಚಲಾಗದೆಂದೇನೂ ಇಲ್ಲ. ಫ್ರಾನ್ಸ್ ದೇಶದಲ್ಲಿ 1970ರ ಜುಲೈ 9ರ ಕಾಯಿದೆ, ವಾಸದ ಮನೆಯಲ್ಲಿ ಸಾಕುಪ್ರಾಣಿಯನ್ನು ನಿಷೇಧಿಸುವ ಷರತ್ತನ್ನು ಕರಾರಿನಲ್ಲಿ ಬರೆದಿದ್ದರೂ ಬರೆಯದಂತೆಯೇ ಎಂದು ಎಣಿಸಿತು. ಪ್ರಾಣಿಯಿಂದ ಮನೆಗೆ ಹಾನಿಯಾಗಲಿ ನೆರೆಯವರ ನೆಮ್ಮದಿಗೆ ಭಂಗವಾಗಲಿ ಇರಕೂಡದೆಂದು ಕಟ್ಟನ್ನೂ ಹಾಕಿತು. ನ್ಯೂಯಾರ್ಕ್ ನಗರದ 1983ರ ಕಾನೂನಿನ ಪ್ರಕಾರ, ಬಾಡಿಗೆದಾರ ಮೂರು ತಿಂಗಳ ಕಾಲ ಬಚ್ಚಿಡದೆ ಪ್ರಾಣಿಯನ್ನು ಸಾಕಿ, ಯಜಮಾನ ತಿಳಿದೂ ದಾವೆ ಹೂಡದಿದ್ದರೆ, ಆಮೇಲೆ ಆ ಷರತ್ತನ್ನು ಎತ್ತುವಂತಿಲ್ಲ. ಎರಡರಲ್ಲಿಯೂ ಒಂದು ತಿಳಿವಳಿಕೆ ಇದೆ: ಮನೆ ಯಜಮಾನನ ಸ್ವತ್ತು, ಆದರೆ ಸಂಸಾರ ಬಾಡಿಗೆದಾರನದು.

ಯಜಮಾನರ ಪಕ್ಷದಲ್ಲಿಯೂ ನ್ಯಾಯವಿದೆ, ಅದನ್ನು ಮರೆಮಾಚಬಾರದು. ಅವರಲ್ಲಿ ಎಷ್ಟೋ ಜನ ಕುಬೇರರಲ್ಲ. ನಿವೃತ್ತಿಯ ಹಣವನ್ನು ಸುರಿದು ಮೇಲೊಂದು ಮಹಡಿ ಕಟ್ಟಿ, ಅದರ ಬಾಡಿಗೆಯಿಂದ ಔಷಧಿ ಕೊಳ್ಳುವವರು. ಬಾಗಿಲನ್ನು ಕೆರೆದ ಗುರುತು, ಇಡೀ ಹಗಲು ಒಂಟಿಯಾಗಿ ಬೊಗಳುವ ನಾಯಿ, ಮೆಟ್ಟಿಲಿನ ಮೇಲಿನ ಹೊಲಸು ಇವೆಲ್ಲ ಕಲ್ಪನೆಯ ಭಯಗಳಲ್ಲ. ಹುಚ್ಚುನಾಯಿಯ ಭಯವಂತೂ ನಮ್ಮ ದೇಶದಲ್ಲಿ ಸುಮ್ಮನೆ ಬಂದುದಲ್ಲ. ಆದುದರಿಂದ ಲಸಿಕೆಯ ಚೀಟಿ ತೋರಿಸಿ ಎನ್ನಲಿ. ಹಾನಿಯಾದರೆ ಮುಂಗಡದಲ್ಲಿ ಹಿಡಿದುಕೊಳ್ಳುತ್ತೇವೆ ಎನ್ನಲಿ. ಒಮ್ಮೆ ಕರೆತನ್ನಿ, ನೋಡೋಣ ಎನ್ನಲಿ. ಇವು ಉತ್ತರವಿರುವ ಪ್ರಶ್ನೆಗಳು. “ನಾಯಿಯೇ? ಹಾಗಾದರೆ ಬೇಡ” ಎಂಬುದು ಪ್ರಶ್ನೆಯಲ್ಲ, ಗೇಟು.

ನನ್ನ ಅಲೆದಾಟ ಮುಗಿದದ್ದು, ಊರಿನ ಅಂಚಿನಲ್ಲಿ, ಕಾಲೇಜಿಗೆ ಎರಡು ಬಸ್ಸು ಬದಲಾಯಿಸಿ ಬರಬೇಕಾದ ಒಂದು ಹೆಂಚಿನ ಮನೆಯಲ್ಲಿ. ಮುಂದಿನ ಭಾಗದಲ್ಲಿ ಮನೆಯೊಡತಿ, ವಯಸ್ಸಾದ ಅಮ್ಮನವರು, ಒಬ್ಬರೇ ಇದ್ದಾರೆ. ಎಲ್ಲೆಡೆ ಕೊನೆಗೆ ಹೇಳುತ್ತಿದ್ದುದನ್ನು ಅಲ್ಲಿ ಮೊದಲೇ ಹೇಳಿಬಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು, “ರಾತ್ರಿ ಬೊಗಳುತ್ತೇನಪ್ಪ?” ಎಂದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಗುರುತಿಲ್ಲದವರು ಬಂದರೆ ಬೊಗಳುತ್ತೆ, ಅಮ್ಮ” ಎಂದೆ. “ಹಾಗಾದರೆ ಕರಕೊಂಡು ಬಾ. ನನಗೂ ರಾತ್ರಿ ಹೊತ್ತು ಧೈರ್ಯ ಬೇಕು” ಎಂದರು. ಪೇಟೆಯ ಕಾಲದ ಕೇರಿಯ ನಾಯಿಗೆ ಇದ್ದ ಹಳೆಯ ಉದ್ಯೋಗ ನಮ್ಮ ಕಾಳಿಗೆ ಮತ್ತೆ ದೊರೆಯಿತು.

ಕರಾರುಪತ್ರ ಬರೆಯುವಾಗ ಒಂದು ಸಾಲನ್ನು ಸೇರಿಸಬೇಕೆಂದು ನಾನೇ ಕೇಳಿಕೊಂಡೆ: ಬಾಡಿಗೆದಾರರೊಡನೆ ಕಾಳಿ ಎಂಬ ಹೆಸರಿನ ಒಂದು ನಾಯಿ ವಾಸವಾಗಿರತಕ್ಕದ್ದು. ಬರೆಯುವವನು ನಕ್ಕ, ಅಮ್ಮನವರು ನಗದೆ ರುಜು ಹಾಕಿದರು. ಬಾಯಿಮಾತಿಗಿಂತ ಬರಹ ಲೇಸೆಂಬುದನ್ನು ಮಣಲೇರ ಬಲ್ಲವನಾಗಿದ್ದ. ಅವನು ತನ್ನ ಕಾಳಿಯ ಹಕ್ಕನ್ನು ಕಲ್ಲಿನ ಮೇಲೆ ಬರೆಸಿದ. ಸಾವಿರ ವರ್ಷ ಕಳೆದರೂ ಅಳಿಯಲಿಲ್ಲ. ನನ್ನ ಕಾಳಿಯ ಹಕ್ಕು ಛಾಪಾ ಕಾಗದದ ಮೇಲಿದೆ, 11 ತಿಂಗಳ ಮಟ್ಟಿಗೆ.